ಮುಟ್ಟಿದರೆ ಸೂಟಿ

“ಇಳೀತೀರೋ, ಮ್ಯಾಲ ಬಂದು ಮುಟ್ಟಲೋ?”

“ಮುಟ್ಟಿದಿ ಅಂದ್ರ ನೋಡಲೇ ದುರಗಿ, ನಮ್ಮಪ್ಪಗ ಹೇಳಿ ನಿನ್ನ ಚರ್ಮ ಸುಲಸ್ತೀನಿ!”

“ಸುಲಸೀರಂತ. ಅದಕ್ಕೂ ಮೊದಲ ಜಳಕ ಮಾಡಬೇಕಾಕ್ಕೈತಿ. ನಿಮ್ಮಜ್ಜಿ ಆಗಲೇ ತಣ್ಣೀರು ಸೇದಿ ಇಟ್ಟಾರ. ಗಾಳಿ ಬ್ಯಾರೆ ಬೀಸಾಕತ್ತೈತಿ. ಹೇಳ್ರಿ ಸಣ್ಣ ಧಣೇರ, ಇಳೀತೀರೋ, ನಾನ ಏರಲೋ?”

ಬಣವಿಯ ನೆತ್ತಿಯ ಮೇಲೆ ಕೂತು ಹಲ್ಲು ಕಡಿಯುತ್ತಿದ್ದವನು ಸಾಹುಕಾರ ಕೊಟ್ರಬಸಪ್ಪನ ಮಗ ಕಳಕಪ್ಪ. ವಯಸ್ಸು ಹತ್ತು. ತೂಕ ಇಬ್ಬರದು. ಕೆಳಗೆ ಕಚ್ಚೆ ಬಿಗಿದು, ಎರಡೂ ಕೈ ಮೇಲೆತ್ತಿ ನಿಂತವಳು ನಮ್ಮವ್ವ ದುರಗಮ್ಮ. ಅವನು ಅವಳಿಗೆ ‘ಲೇ ದುರಗಿ’ ಅನ್ನಬೇಕು, ಅವಳು ಅವನಿಗೆ ‘ಧಣೇರ’ ಅನ್ನಬೇಕು. ಊರ ರಿವಾಜು ಹಾಗಿತ್ತು. ಬೈಯುವುದಾದರೂ ಅವ್ವ ಬಹುವಚನದಲ್ಲೇ ಬೈಯಬೇಕಿತ್ತು.

ಗದ್ದಲ ಕೇಳಿ ಹುಡುಗನ ಅಜ್ಜಿ ಕಳಕಮ್ಮ ಹಿತ್ತಲ ಬಾಗಿಲಿಗೆ ಬಂದಳು.

“ಬಣವಿ ಮುಟ್ಟಬ್ಯಾಡಲೇ! ನೀ ಮುಟ್ಟಿದ ಮೇವು ನಮ್ಮ ದನ ಮೂಸಂಗಿಲ್ಲ!”

ಅವ್ವ ಕೈ ಇಳಿಸಿ ತಿರುಗಿದಳು. “ಯವ್ವಾ, ಈ ಕಣಿಕಿ ಕೊಯ್ದಾಕಿ ನಾನು. ಸಿವುಡು ಕಟ್ಟಿದಾಕಿ ನಾನು. ತಲಿ ಮ್ಯಾಲ ಹೊತ್ತು ತಂದು ಒಟ್ಟಿದಾಕಿ ನಾನು. ಕುತ್ತಿಗಿ ಇನ್ನಾ ಹೊಳ್ಳವಲ್ದು. ಅವಾಗ ನಿಮ್ಮ ದನ ಏನೂ ಅನ್ನಲಿಲ್ಲ. ಒಟ್ಟಿ ಮುಗಿದ ಮ್ಯಾಲ ಮೈಲಿಗಿ ಹುಟ್ಟಿತೇನು?”

“ಬಾಯಿ ಮಾಡಬ್ಯಾಡ. ಕೆಲಸ ಇರೋತನಕ ಕೆಲಸ. ಮುಗಿದ ಮ್ಯಾಲ ಮೈಲಿಗಿ.”

ಇದು ಸಮಯ ಅಂತ ಕಳಕಪ್ಪ ಬಣವಿಯ ಆಚೆ ಬದಿಯಿಂದ ಜಾರಿದ. ಅವ್ವ ಕಂಡಳು. ಕೈ ಅಗಲಿಸಿ ಹಿಂದೆ ಬಿದ್ದಳು. ಮುಟ್ಟಲಿಲ್ಲ. ಮುಟ್ಟುವಷ್ಟು ಹತ್ತಿರ ಹೋಗುವುದು, ಮುಟ್ಟದೆ ಇರುವುದು. ಅವನು ಎಡಕ್ಕೆ ಹೊರಳಿದರೆ ಎಡಗೈ ಚಾಚುವುದು, ಬಲಕ್ಕೆ ಹೊರಳಿದರೆ ಬಲಗೈ. ಕೋಳಿ ಅಟ್ಟಿದ ಹಾಗೆ ಅಟ್ಟಿಕೊಂಡು ಹೋಗಿ ಸಾಲಿಯ ಬಾಗಿಲೊಳಗೆ ಹೊಗಿಸಿದಳು. ಒಳಗಿನಿಂದ ಮಾಸ್ತರ ಕೂಗಿದ.

“ಕಳಕಪ್ಪ!”

“ಹಾಜರ್ ಜೀ,” ಅಂದ ಕಳಕಪ್ಪ, ಏದುಸಿರು ಬಿಡುತ್ತ.

ನಮ್ಮವ್ವನ ಕೆಲಸ ಅದು. ಗೈರಾದ ಹುಡುಗರನ್ನು ಹಾಜರ್ ಮಾಡುವುದು.

ನಮ್ಮೂರು ಕುಷ್ಟಗಿ ತಾಲೂಕಿನದು. ಆಗ ನಿಜಾಮನ ರಾಜ್ಯ, ದೊಡ್ಡ ಲಡಾಯಿ ಸುರುವಾದ ವರ್ಷ. ಕುಷ್ಟಗಿಯ ಸರಕಾರಿ ಸಾಲಿಯಲ್ಲಿ ಪಾಠವೆಲ್ಲ ಉರ್ದು. ಮಕ್ಕಳಿಗೆ ಕನ್ನಡ ಓದು, ಅಂಗಡಿಯ ಲೆಕ್ಕ ಬರಬೇಕು ಅಂತ ಊರ ಕುಳಗಳು ಸೇರಿ ಗವಿಸಿದ್ದಪ್ಪ ಅನ್ನುವ ಮಾಸ್ತರನನ್ನು ಕರೆಸಿಕೊಂಡರು. ಕೊಟ್ರಬಸಪ್ಪನ ಹಳೇ ಮನೆಯ ಪಡಸಾಲೆಯೇ ಸಾಲಿ. ಬಾಗಿಲ ಪಕ್ಕ ತೂಗುಬಿಟ್ಟ ನೇಗಿಲ ಕುಳವೇ ಗಂಟೆ. ಮಾಸ್ತರನಿಗೆ ಮನೆಮನೆಯಿಂದ ಜೋಳ. ಆದರೆ ಕೊಟ್ರಬಸಪ್ಪ ಸಾಹುಕಾರ ನೋಡಿ, ಒಂದು ಕರಾರು ಸೇರಿಸಿದ್ದ. ಹುಡುಗ ಸಾಲಿಗೆ ಬಾರದ ದಿನದ ಜೋಳ ಮಾಸ್ತರನಿಗಿಲ್ಲ. ಹುಡುಗ ಯಾಕೆ ಬರಲಿಲ್ಲ ಅಂತ ಹುಡುಗನನ್ನು ಕೇಳುವಂತಿಲ್ಲ. ಮಾಸ್ತರನ ಹೊಟ್ಟೆಯನ್ನು ಕೇಳಬೇಕು.

ಹಿಂದೆ ಎಲ್ಲ ಕಡೆ ಒಂದು ಪದ್ಧತಿ ಇತ್ತು. ಗೈರಾದವನ ಮನೆಗೆ ಮಾಸ್ತರ ನಾಲ್ವರು ಗಟ್ಟಿ ಹುಡುಗರನ್ನು ಕಳಿಸುವುದು. ಅವರು ಕೈಗೊಬ್ಬ ಕಾಲಿಗೊಬ್ಬ ಹಿಡಿದು ಹೆಣ ಎತ್ತಿದ ಹಾಗೆ ಎತ್ತಿಕೊಂಡು ಬರುವುದು. ಗವಿಸಿದ್ದಪ್ಪ ಮಾಸ್ತರ ಅದನ್ನೇ ಮಾಡಿದ. ಕಳಕಪ್ಪನನ್ನು ತರಲು ಹೋದ ನಾಲ್ವರು ಬಾವಿಯಲ್ಲಿ ಈಜುತ್ತಿದ್ದ ಕಳಕಪ್ಪನ ಜತೆ ತಾವೂ ಈಜಿದರು. ಅವರನ್ನು ತರಲು ಇನ್ನು ನಾಲ್ವರು ಹೋದರು. ಅವರೂ ಈಜಿದರು. ಮಧ್ಯಾಹ್ನದ ಹೊತ್ತಿಗೆ ಸಾಲಿಯಲ್ಲಿ ಮಾಸ್ತರ ಒಬ್ಬನೇ ಹಾಜರ್.

ಮರುದಿನ ಅವನು ನಮ್ಮ ಕೇರಿಯ ಅಂಚಿಗೆ ಬಂದು, ದೂರ ನಿಂತು ಅವ್ವನನ್ನು ಕರೆದ.

“ದುರಗಿ, ನಿನ್ನ ಕಂಡ್ರ ಊರ ಹುಡುಗ್ರು ಓಡ್ತಾವಲ್ಲ?”

“ಓಡ್ತಾವ್ರಿ.”

“ಸಾಲಿ ಕಡೇನ ಓಡೂವಂಗ ಮಾಡಿದ್ರ ಹೆಂಗ?”

ಅವ್ವನಿಗೆ ತಿಳಿಯಿತು. ನಮ್ಮ ಮೈಯನ್ನೇ ಇವನು ಬೆತ್ತ ಮಾಡಿಕೊಳ್ಳುತ್ತಿದ್ದಾನೆ ಅಂತ ತಿಳಿಯಿತು. ಸಿಟ್ಟು ನೆತ್ತಿಗೇರಿತು. ಆದರೂ ನುಂಗಿದಳು. ಯಾಕೆ ನುಂಗಿದಳು ಅಂದರೆ ಅವಳಿಗೆ ಒಂದು ಬೇಕಾಗಿತ್ತು.

“ಜ್ವಾಳ ಬ್ಯಾಡ್ರಿ, ರೊಟ್ಟಿ ಬ್ಯಾಡ್ರಿ. ನನ್ನ ಮಗಳು ಹುಲಿಗಿನ್ನ ಒಳಗ ಕೂಡಸ್ರಿ. ಓದಾಕ ಕಲಸ್ರಿ.”

ಮಾಸ್ತರ ಕೆಮ್ಮಿದ. ಆಕಾಶ ನೋಡಿದ. “ಯುಗಾದಿ ಆಗ್ಲಿ, ಒಳಗ ಕೂಡಿಸ್ತೀನಿ. ಅಲ್ಲೀತನಕ ಕಿಟಕಿ ಹೊರಗ ಕುಂತಿರ್ಲಿ,” ಅಂದ.

ಓದಿನ ಹುಚ್ಚು ಅವ್ವನಿಗೆ ಸುಮ್ಮನೆ ಹಿಡಿದದ್ದಲ್ಲ. ನಮ್ಮಪ್ಪ ಆದೆಪ್ಪ ಗದಗಿನ ಹತ್ತಿ ಗಿರಣಿಗೆ ಹಮಾಲಿಗೆ ಹೋಗಿದ್ದ. ಅಲ್ಲಿ ಯಾರ ಕೈಲೋ ಬರೆಸಿ ಒಂದು ಕಾಗದ ಹಾಕಿದ. ನಮ್ಮ ಕೇರಿಯಲ್ಲಿ ಓದು ಬಲ್ಲವರಿಲ್ಲ. ಅವ್ವ ಅದನ್ನು ಮಾಸ್ತರನ ಹತ್ತಿರ ಒಯ್ದಳು. “ತೆಳಗ ಇಡು,” ಅಂದ. ಇಟ್ಟಳು. ಮುಟ್ಟುವ ಮೊದಲು ಶುದ್ಧ ಮಾಡಬೇಕಲ್ಲ, ತಂಬಿಗೆಯ ನೀರು ಕಾಗದದ ಮೇಲೆ ಚಿಮುಕಿಸಿದ. ಕೈ ಸ್ವಲ್ಪ ಧಾರಾಳ. ಮಸಿ ಹರಿಯಿತು. ಹಸಿ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಓದಿದ.

“ಮೊದಲ ಸಾಲಿನಾಗ ‘ಕ್ಷೇಮ’ ಅಂತ ಐತಿ. ಕಡೀ ಸಾಲಿನಾಗ ‘ಇಂತಿ ಆದೆಪ್ಪ’ ಅಂತ ಐತಿ. ನಡುವಿಂದು ತೊಳಕೊಂಡು ಹೋಗೇತಿ.”

ಕಟ್ಟೆಯ ಮೇಲೆ ಕೂತಿದ್ದ ಕೊಟ್ರಬಸಪ್ಪ, “ನಡುವ ಏನಿರ್ತೈತಿ ಬಿಡು, ರಾತ್ರಿ ಹೆಂಡ್ತಿ ನೆನಪಾಗಿರ್ತಾಳ,” ಅಂದ. ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವ್ವ ಹಸಿ ಕಾಗದ ಎತ್ತಿಕೊಂಡು ಬಂದಳು. ಅವತ್ತು ಒಲೆ ಹಚ್ಚಲಿಲ್ಲ.

“ನೀ ಓದಬೇಕು. ಒಣಾ ಕಾಗದ ಓದಬೇಕು,” ಅಂದಳು ನನಗೆ.

ಹೀಗೆ ಅವ್ವ ಹುಡುಗರನ್ನು ಅಟ್ಟತೊಡಗಿದಳು. ನಾನು ಕಿಟಕಿಯ ಕೆಳಗೆ ಕೂರತೊಡಗಿದೆ. ಕಿಟಕಿ ಎತ್ತರ. ನನಗೆ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಒಳಗೆ “ಅ” ಅಂದರೆ ಹೊರಗೆ ನಾನೂ “ಅ” ಅನ್ನುತ್ತಿದ್ದೆ. ಚಳಿಗಾಲ ಮುಗಿಯುವಷ್ಟರಲ್ಲಿ ಮಗ್ಗಿ ಬಾಯಿಗೆ ಬಂತು, ಅಕ್ಷರಗಳ ಹೆಸರು ಬಂತು. ಆದರೆ ಒಂದು ಅಕ್ಷರದ ಮುಖವನ್ನೂ ನಾನು ನೋಡಿರಲಿಲ್ಲ. ನನಗೆ ಅ ಗೊತ್ತು. ಎದುರಿಗೆ ಬಂದು ನಿಂತರೆ ಗುರುತು ಹಿಡಿಯಲಾರೆ.

ಮಾಸ್ತರ ಹಾಜರಿ ಕೂಗಿ ಮುಗಿಸಿದ ಮೇಲೆ ನಾನೂ ಒಂದು ದಿನ ಮೆಲ್ಲಗೆ “ಹಾಜರ್ ಜೀ” ಅಂದೆ.

“ಯಾರಲೇ ಅದು? ಹೊರಗ ಯಾರು ಹಾಜರ್ ಅಂದಾವರು?”

ಎದುರುಗಡೆ ತನ್ನ ಅಂಗಡಿಯಲ್ಲಿ ಹತ್ತಿ ಪಿಂಜುತ್ತ ಕೂತಿದ್ದ ಮೆಹಬೂಬಸಾಬ ಬಿಲ್ಲು ನಿಲ್ಲಿಸಿದ. “ಗಾಳಿ ರೀ ಮಾಸ್ತರ್ರ. ನಿಮ್ಮ ಸಾಲ್ಯಾಗ ಹುಡುಗ್ರಿಗಿಂತ ಗಾಳೀನ ದಿನಾ ಹಾಜರ್ ಇರತೈತಿ,” ಅಂದು ಮತ್ತೆ ಟೊಂಯ್ ಟೊಂಯ್ ಸುರು ಮಾಡಿದ.

ಚಳಿಗಾಲ ಪೂರ್ತಿ ಕೆಲಸ ಸುಸೂತ್ರ ನಡೆಯಿತು. ಮಾಸ್ತರ ಬಾಗಿಲಿಗೆ ಬಂದು “ದುರಗೀ, ಇಂಥವ ಗೈರ್!” ಅಂತ ಕೂಗುವುದು, ಅವ್ವ ಹೊರಡುವುದು. ನೆಲದಡಿ ಜೋಳ ತುಂಬಿಡುವ ಹಗೇವು ಖಾಲಿ ಇದ್ದಾಗ ಅದರೊಳಗೆ ಇಳಿದು ಕೂತವನನ್ನು, ಹಗೇವಿನ ಬಾಯಿಂದ ಕೈ ಇಳಿಬಿಟ್ಟು ಹೊರಡಿಸಿದಳು. ಹುಣಸೆ ಗಿಡ ಹತ್ತಿದವನ ಬುಡದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಅವನು ಉಚ್ಚೆಗೆ ಅವಸರವಾಗಿ ಇಳಿಯುವ ತನಕ ಕಾದಳು. ಇಬ್ಬರು ಜಾಣರು ಗುಡಿಯೊಳಗೆ ಹೋಗಿ ಕೂತರು. ಅಲ್ಲಿ ಅವ್ವ ಕಾಲಿಡುವಂತಿಲ್ಲ. ಅವ್ವ ಹೊರಗೆ ನಿಂತು ಪೂಜಾರಿಗೆ ಕೂಗಿ ಹೇಳಿದಳು, “ಎಪ್ಪಾ, ಹುಡುಗ್ರು ಭಕ್ತಿ ಮಾಡಾಕ ಬಂದಾರ. ಛಲೋತ್ತಂಗ ಭಜನಿ ಹೇಳಸ್ರಿ.” ಪೂಜಾರಿಗೆ ಆನಂದವಾಯಿತು. ಕೈಗೆ ತಾಳ ಕೊಟ್ಟು ಕೂರಿಸಿದ. ಹೊತ್ತು ನೆತ್ತಿಗೇರುವ ಮೊದಲೇ ಇಬ್ಬರೂ ಕೈಮುಗಿದು ಓಡಿ ಬಂದರು. ದೇವರಿಗಿಂತ ಮಾಸ್ತರ ವಾಸಿ ಅಂದರಂತೆ.

ಹುಡುಗರು ಅಷ್ಟು ಹೆದರುವುದಕ್ಕೆ ಕಾರಣ ನಾವಲ್ಲ. ಅಜ್ಜಿಯರು. ಅವ್ವ ಮುಟ್ಟಿದಳು ಅಂದರೆ ಅಂಗಳದಲ್ಲಿ ಬಟ್ಟೆ ಸಮೇತ ನಿಲ್ಲಿಸಿ ತಲೆಯ ಮೇಲೆ ಕೊಡಗಟ್ಟಲೆ ಬಾವಿಯ ನೀರು. ಮಾಗಿಯ ಚಳಿಯಲ್ಲಿ. ಮೈ ಒಣಗುವ ತನಕ ಒಳಗೆ ಬರುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ, ದೀಪ ಹಚ್ಚುವ ತನಕ ಅಂಗಳ ದಾಟುವಂತಿಲ್ಲ. ಮಾಸ್ತರನಿಗೆ ಎಲ್ಲ ದಿನದ ಜೋಳ ಸಿಕ್ಕಿತು. ಅವನ ಗಲ್ಲ ತುಂಬಿಕೊಂಡಿತು.

ಯುಗಾದಿ ಬಂತು. ಅವ್ವ ನನಗೆ ಎಣ್ಣೆ ಹಚ್ಚಿ ಎರೆದು, ತಲೆ ಬಾಚಿ, ತನ್ನ ಹಳೆ ಸೀರೆ ಹರಿದು ಹೊಲಿದ ಲಂಗ ಉಡಿಸಿ ಸಾಲಿಯ ಮುಂದೆ ನಿಲ್ಲಿಸಿದಳು.

“ಯುಗಾದಿ ಆತ್ರಿ ಮಾಸ್ತರ್ರ.”

“ಆತಲ್ಲ. ಬೇವು ಬೆಲ್ಲ ತಿಂದ್ರೇನು?”

“ನನ್ನ ಮಗಳು ರೀ.”

“ಹಾಂ. ಕಾರಹುಣ್ಣಿವಿ ಆಗ್ಲಿ.”

ಅವ್ವ ನನ್ನ ತೋಳು ಹಿಡಿದು ಮತ್ತೆ ಕಿಟಕಿಯ ಕೆಳಗೆ ಕೂರಿಸಿದಳು. ಹಿಡಿತ ಎಷ್ಟು ಬಿಗಿ ಇತ್ತೆಂದರೆ ಬೆರಳ ಗುರುತು ಮೂಡಿತ್ತು.

ಅದಾದ ಮೇಲೆ ಬಿಸಿಲು ಏರಿತು. ನಮ್ಮ ಕಡೆ ಬಿಸಿಲು ಅಂದರೆ ಕಲ್ಲು ಸಿಡಿಯುವ ಬಿಸಿಲು. ಆ ಬಿಸಿಲೇ ಎಲ್ಲ ಕೆಡಿಸಿತು.

ಒಂದು ಮುಂಜಾನೆ ಕಳಕಪ್ಪ ಅವ್ವನ ಮುಂದೆ ಓಡುತ್ತ ಮೂಲೆಯಲ್ಲಿ ಎಡವಿ, ತಿರುಗಿ ಅವ್ವನ ಕಾಲ ಮೇಲೆಯೇ ಬಿದ್ದ. ಹೋ ಅಂತ ಅತ್ತ. ಅಜ್ಜಿ ಓಡಿ ಬಂದು ಎಳೆದೊಯ್ದು ಅಂಗಳದಲ್ಲಿ ನಿಲ್ಲಿಸಿ ನೀರು ಸುರಿದಳು. ಒಂದು ಕೊಡ ಸುರಿದಾಗ ಅಳು ನಿಂತಿತು. ಇನ್ನೊಂದು ಸುರಿದಾಗ ಕಣ್ಣು ಮುಚ್ಚಿ ನಕ್ಕ. ಮತ್ತೊಂದಕ್ಕೆ ತಾನೇ ತಲೆ ಬಗ್ಗಿಸಿದ. ಅಜ್ಜಿ ಪಾಟಿಯನ್ನೂ ತೊಳೆದಳು. ಪಾಟಿಯ ಜತೆ ಬರೆದುಕೊಂಡು ಹೋಗಬೇಕಿದ್ದ ಲೆಕ್ಕವೂ ತೊಳೆದು ಹೋಯಿತು. “ಇವತ್ತು ಸಾಲಿ ಬ್ಯಾಡ, ಮೈಲಿಗಿ ಆಗೇತಿ. ಕೂಸು ಬೆದರೇತಿ,” ಅಂತ ಕೈಗೆ ಬೆಲ್ಲ ಶೇಂಗಾ ಕೊಟ್ಟಳು.

ಮರುದಿನ ಹೊತ್ತು ಮೂಡುವ ಮುನ್ನ ಕಳಕಪ್ಪ ನಮ್ಮ ಕೇರಿಯ ಬಾಯಲ್ಲಿ ನಿಂತಿದ್ದ.

“ದುರಗೀ... ದುರಗವ್ವಾ... ಒಂದ್ಸಲ ಮುಟ್ಟವ್ವಾ.”

“ಹೋಗ್ರಿ ಧಣೇರ, ನಿಮ್ಮಪ್ಪ ನನ್ನ ಕೊಲ್ತಾರ.”

“ಬೆಟ್ಟು ಹಚ್ಚು ಸಾಕು. ಕಿರುಬೆಟ್ಟು.”

ಕಳಕಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ವಾರದೊಳಗೆ ಇಡೀ ಸಾಲಿಗೆ ಗೊತ್ತಾಯಿತು. ಮುಟ್ಟಿದರೆ ಜಳಕ, ಜಳಕ ಮಾಡಿದರೆ ಸೂಟಿ, ಸೂಟಿಗೆ ಬೆಲ್ಲ. ಆಗ ಊರು ಒಂದು ತಮಾಷೆ ನೋಡಿತು. ಚಳಿಗಾಲ ಪೂರ್ತಿ ಹುಡುಗರನ್ನು ಅಟ್ಟಿದ ನಮ್ಮವ್ವ ಈಗ ಮುಂದೆ ಓಡುತ್ತಿದ್ದಳು, ಹುಡುಗರು ಹಿಂದೆ. “ಬರಬ್ಯಾಡ್ರಿ! ಮೈಲಿಗಿ ಆಕ್ಕೈತಿ! ದೂರ ಸರೀರಿ!” ಅಂತ ಅವ್ವ ಕೂಗುವುದು. ಆ ಮಾತು ಊರವರು ನಮಗೆ ಕೂಗಬೇಕಾದದ್ದು. ಅವ್ವನ ಬಾಯಿಂದ ಕೇಳಿ ನಾಯಿಗಳೂ ಬೆರಗಾದವು. ಅಕ್ಕಸಾಲಿ ಓಣಿಯ ಕೊನೆಯಲ್ಲಿ ಅವಳನ್ನು ಮೂಲೆಗೆ ಒತ್ತಿ ಮೈಮೇಲೆ ಬಿದ್ದರು. ಅವ್ವನ ಸೀರೆ ಹರಿಯಿತು, ಮೊಣಕೈ ತರಚಿತು. ಅದನ್ನು ಯಾರೂ ಕೇಳಲಿಲ್ಲ. ತರಚಿದ್ದಕ್ಕೆ ಮೈಲಿಗೆ ಇಲ್ಲವಲ್ಲ.

“ದುರಗವ್ವಾ, ನಿನ್ನ ಮುಟ್ಟಾಕ ಪಾಳಿ ಹಚ್ಚ್ಯಾರಲ್ಲ! ದರ್ಗಾಕ್ಕ ಸೈತ ಇಷ್ಟು ಮಂದಿ ಬರಂಗಿಲ್ಲ,” ಅಂದ ಮೆಹಬೂಬಸಾಬ.

ಕೆಲವರಿಗೆ ಓಡುವ ತಾಪತ್ರಯವೂ ಬೇಡವಾಯಿತು. ಕಿಟಕಿಯ ಕೆಳಗೆ ನಾನು ಕೂತೇ ಇರುತ್ತಿದ್ದೆ. “ಇಕಿ ಮಗಳಲ್ಲ, ಇಕಿನ್ನ ಮುಟ್ಟಿದ್ರೂ ನಡೀತೈತಿ” ಅಂತ ಕಂಡುಹಿಡಿದರು. ಹಾಜರಿಗೆ “ಹಾಜರ್ ಜೀ” ಅನ್ನುವುದು, ಹೊರಗೆ ಬಂದು ನನ್ನ ಭುಜಕ್ಕೆ ಬೆರಳು ಚುಚ್ಚುವುದು, ಮನೆಗೆ ಓಡುವುದು. ಚೇಳು ಸತ್ತಿದೆಯೋ ಇಲ್ಲವೋ ಅಂತ ಕಡ್ಡಿಯಿಂದ ನೋಡುತ್ತಾರಲ್ಲ, ಹಾಗೆ ಚುಚ್ಚುತ್ತಿದ್ದರು. ನನ್ನ ಹೆಸರು ಒಬ್ಬನೂ ಕೇಳಲಿಲ್ಲ.

ಸಾಲಿ ಬರಿದಾಯಿತು. ಮಾಸ್ತರನ ಜೋಳ ನಿಂತಿತು. ಅವನ ಗಲ್ಲ ಮತ್ತೆ ಒಳಗೆ ಹೋಯಿತು. ಆದರೆ ಊರಿಗೆ ಕಣ್ಣೀರು ಬಂದದ್ದು ಮಾಸ್ತರನಿಗಾಗಿ ಅಲ್ಲ, ನೀರಿಗಾಗಿ. ಬ್ಯಾಸಗಿಯಲ್ಲಿ ನಮ್ಮೂರ ಬಾವಿಯ ನೀರು ಪಾತಾಳಕ್ಕೆ ಇಳಿಯುತ್ತದೆ. ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದಬೇಕು. ಮನೆಗೊಬ್ಬ ಮೈಲಿಗೆ ಹುಡುಗ, ಮನೆಗೆ ಇಷ್ಟಿಷ್ಟು ಕೊಡ. ಕಳಕಮ್ಮಜ್ಜಿಯ ಅಂಗೈ ಬೊಬ್ಬೆ ಎದ್ದು ಒಡೆಯಿತು. ಸೊಸೆಯಂದಿರು ಜಗಳಕ್ಕೆ ಬಿದ್ದರು. ಕೊಡದಲ್ಲಿ ನೀರಿನ ಬದಲು ರಾಡಿ ಬಂದ ದಿನ ಹಿರಿಯರು ಸಾಲಿಯ ಕಟ್ಟೆಯ ಮೇಲೆ ಸೇರಿದರು. ಅವ್ವನಿಗೆ ಹೇಳಿಕಳಿಸಿದರು.

ಕಟ್ಟೆಯ ನೆರಳಲ್ಲಿ ಕೊಟ್ರಬಸಪ್ಪ, ಇನ್ನಿಬ್ಬರು ಹಿರಿಯರು, ಮಾಸ್ತರ. ಕಂಬದ ಹಿಂದೆ ಕಳಕಮ್ಮಜ್ಜಿ. ಬಾಗಿಲಲ್ಲಿ ಹುಡುಗರ ಹಿಂಡು. ಅಂಗಳದ ಬಿಸಿಲಲ್ಲಿ ಬರಿಗಾಲಲ್ಲಿ ಅವ್ವ. ಅವಳ ನೆರಳಲ್ಲಿ ನಾನು.

“ಹುಡುಗ್ರನ್ನ ಯಾಕ ಮುಟ್ಟಿದಿ?” ಅಂದ ಕೊಟ್ರಬಸಪ್ಪ.

“ನಾ ಮುಟ್ಟಿಲ್ರಿ ಎಪ್ಪಾ. ಅವ್ರ ನನ್ನ ಮುಟ್ಟ್ಯಾರ. ಜಳಕ ಮಾಡಬೇಕಾದಾಕಿ ನಾನು. ನಮಗ ಬಾವಿ ಇಲ್ಲ.”

“ದಂಡ ಹಾಕ್ರಿ,” ಅಂದ ಒಬ್ಬ ಹಿರಿಯ.

“ಕೆಲಸ ಬಿಡಸ್ರಿ,” ಅಂದ ಇನ್ನೊಬ್ಬ.

ಮಾಸ್ತರ ಗಾಬರಿಯಾದ. “ಬಿಡಿಸಿದ್ರ ಹುಡುಗ್ರನ್ನ ಯಾರು ತರ್ತಾರ್ರಿ? ಇಕಿ ಒಬ್ಬಾಕೀಗೆ ಅಂಜತಾವು... ಅಂಜತಿದ್ವು.”

ಆಗ ಕಂಬದ ಹಿಂದಿನಿಂದ ಕಳಕಮ್ಮಜ್ಜಿ ತನ್ನ ಒಡೆದ ಅಂಗೈ ಮುಂದೆ ಚಾಚಿದಳು.

“ನೋಡೋ ಕೊಟ್ರ್ಯಾ, ನಿಮ್ಮ ಮಡಿ ನನ್ನ ಕೈ ತಿಂದೈತಿ. ಸುಗ್ಗ್ಯಾಗ ರಾಶಿ ಮಾಡುವಾಗ ಮೈಲಿಗಿ ಇಲ್ಲ. ಸಂತ್ಯಾಗ ಇಲ್ಲ. ಹೆರಿಗ್ಯಾಗ ಇಲ್ಲ. ಸಾಲ್ಯಾಗೂ ಇಲ್ಲಂತ ಮಾಡಿಬಿಡ್ರಿ. ಮುಗಿದು ಹೋತು. ನಾನಂತೂ ಇನ್ನೊಂದು ಕೊಡ ಸೇದಂಗಿಲ್ಲ.”

ಹಿರಿಯರು ಮುಖ ಮುಖ ನೋಡಿಕೊಂಡರು. ತಲೆತಲಾಂತರದ ಮೈಲಿಗೆ. ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ತಿದ್ದುಪಡಿಯಾಯಿತು. ಕೊಟ್ರಬಸಪ್ಪ ಗಂಟಲು ಸರಿ ಮಾಡಿಕೊಂಡು ಸಾರಿದ.

“ಇವತ್ತಿನಿಂದ ಸಾಲಿ ಗಂಟಿ ಹೊಡದಾಗಿಂದ ಸಾಲಿ ಬಿಡೂತನಕ ದುರಗಿ ಮುಟ್ಟಿದ್ರ ಮೈಲಿಗಿ ಇಲ್ಲ. ಸಾಲಿ ಬಿಟ್ಟ ಗಂಟಿ ಆದ ಮ್ಯಾಲ ಮದಲಿನಂಗ ಮೈಲಿಗಿ ಐತಿ.”

ಹುಡುಗರ ಹಿಂಡಿನಿಂದ ಒಂದು ದೊಡ್ಡ ನಿಟ್ಟುಸಿರು ಬಂತು. ಕಳಕಪ್ಪ ಅಳುವುದೊಂದು ಬಾಕಿ.

ಅವ್ವ ಮಾತ್ರ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು. “ಛಲೋ ಆತ್ರಿ ಎಪ್ಪಾ. ಹಂಗಾದ್ರ ನನ್ನ ಮಗಳು ಸಾಲಿ ಹೊತ್ತಿನಾಗ ಒಳಗ ಕುಂಡ್ರಬಹುದು. ಮೈಲಿಗೀನ ಇಲ್ಲಲ್ಲ. ಹೋಗ ಹುಲಿಗಿ, ಒಳಗ ಹೋಗು.”

“ಏಯ್ ಏಯ್ ಏಯ್!” ನಾಲ್ವರೂ ಒಟ್ಟಿಗೆ ಎದ್ದರು.

ಮಾಸ್ತರ ಲೆಕ್ಕ ಕಲಿಸುವವನು, ದಾರಿ ಹುಡುಕಿದ. “ಅದು ಹಂಗಲ್ಲ. ಗೈರ್ ಇದ್ದವರನ್ನ ಮುಟ್ಟಿದ್ರ ಮೈಲಿಗಿ ಇಲ್ಲ. ಹಾಜರ್ ಇದ್ದವರನ್ನ ಮುಟ್ಟಿದ್ರ ಐತಿ.”

“ಬರೋಬರಿ,” ಅಂದ ಕೊಟ್ರಬಸಪ್ಪ.

“ಅಂದ್ರ ಹೊರಗಿದ್ದ ಹುಡುಗಗ ಇಲ್ಲ, ಅವನ ಒಳಗ ಹೊಕ್ಕ ಕೂಡ್ಲೇ ಐತಿ?”

“ಹೌದು.”

“ಹೊಸ್ತಿಲ ಮ್ಯಾಲ ನಿಂತಿದ್ರ?”

ಹಿರಿಯರು ಯೋಚನೆಗೆ ಬಿದ್ದರು. ಒಬ್ಬ ಅರ್ಧ ಐತಿ ಅಂದ. ಇನ್ನೊಬ್ಬ ಯಾವ ಕಾಲು ಒಳಗಿದೆ ನೋಡಬೇಕು ಅಂದ. ಕಳಕಪ್ಪ ಜಿಗಿದು ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ನಿಂತು, “ಅಪ್ಪಾ, ನಾ ಹೊಸ್ತಿಲ ಮ್ಯಾಲ ಅದೀನಿ, ನನಗ ಅರ್ಧಾ ಸೂಟಿ ಐತೇನು?” ಅಂತ ಕೇಳಿದ. ಎದುರು ಅಂಗಡಿಯಲ್ಲಿ ಮೆಹಬೂಬಸಾಬನ ಬಿಲ್ಲು ನಿಂತೇ ಹೋಯಿತು. ಅವನು ಹತ್ತಿಯೊಳಗೆ ಮುಖ ಹುದುಗಿಸಿ ನಗುತ್ತಿದ್ದ.

ಕೊಟ್ರಬಸಪ್ಪನಿಗೆ ಸಿಟ್ಟು ಬಂತು. ನಗು ಕೇಳಿದರೆ ದೊಡ್ಡವರಿಗೆ ಬರುವ ಸಿಟ್ಟು.

“ಸಾಕು ಬಾಯಿ! ನಿನ್ನ ಮಗಳು ಅಕ್ಷರ ಕಲ್ತು ಏನು ತಹಶೀಲದಾರಕಿ ಮಾಡ್ತಾಳೇನು? ಶೆಗಣಿ ಬಳಿಯಾಕ ಅಕ್ಷರ ಯಾಕ ಬೇಕಲೇ? ಕಾಗದ ಬಂದ್ರ ಮಾಸ್ತರ ಓದತಾನ, ನಾವು ಕೇಳತೀವಿ. ನಡಿ, ಹುಡುಗ್ರನ್ನ ಒಳಗ ಹಾಕು.”

“ಕಾರಹುಣ್ಣಿವಿ ಆಗ್ಲಿ ದುರಗಿ, ನೋಡೂಣಂತ,” ಅಂದ ಮಾಸ್ತರ, ಮೆತ್ತಗೆ.

ಅವ್ವ ಅಲ್ಲೇ ನಿಂತಳು. ಅವಳ ನೆರಳು ಅಲುಗಲಿಲ್ಲ. ಆಮೇಲೆ ನನ್ನ ಕೈ ಹಿಡಿದಳು. ಮೆಟ್ಟಿಲು ಹತ್ತಿದಳು.

“ಹಿಡೀರಿ ಅಕಿನ್ನ!” ಅಂದ ಕೊಟ್ರಬಸಪ್ಪ.

ಯಾರು ಹಿಡಿಯಬೇಕು? ಹಿಡಿದರೆ ಮುಟ್ಟಬೇಕು. ಹಿರಿಯರು ಗೋಡೆಗೆ ಅಂಟಿಕೊಂಡರು. ಮಾಸ್ತರ ಧೋತರ ಎತ್ತಿಕೊಂಡು ಮೂಲೆಗೆ ಸರಿದ. ಹುಡುಗರು ಎರಡು ಪಾಲಾಗಿ ದಾರಿ ಬಿಟ್ಟರು. “ನೀವ ಹಿಡೀರಿ ಸಾವ್ಕಾರ್ರ,” ಅಂದ ಒಬ್ಬ ಹಿರಿಯ. ಅವರೇ ಕಟ್ಟಿಕೊಂಡ ಮಡಿ ಅವರನ್ನು ಅಲ್ಲಲ್ಲೇ ಕಟ್ಟಿಹಾಕಿತ್ತು. ನಾವು ಮೆರವಣಿಗೆಯಲ್ಲಿ ಹೋದ ಹಾಗೆ ಒಳಗೆ ಹೋದೆವು.

ಪಡಸಾಲೆ ಅಷ್ಟೇನೂ ದೊಡ್ಡದಿರಲಿಲ್ಲ. ಹರಿದ ಚಾಪೆ. ಗೋಡೆಗೆ ಒರಗಿಸಿದ ಕರಿ ಹಲಗೆ. ಹಲಗೆಯ ಮೇಲೆ ಬಿಳಿಯ ಸುಣ್ಣದ ಗೆರೆಗಳು. ಇಷ್ಟು ದಿನ ಕಿವಿಯಲ್ಲಿದ್ದವು ಅಲ್ಲಿ ಸಾಲಾಗಿ ನಿಂತಿದ್ದವು. ನನಗೆ ಒಂದರ ಗುರುತೂ ಹತ್ತಲಿಲ್ಲ.

“ಇದರಾಗ ಅ ಯಾವುದು?” ಅಂದೆ. ಯಾರನ್ನು ಕೇಳಿದೆನೋ ತಿಳಿಯದು.

“ಆ ದುಂಡಗಿಂದು. ಮದಲನೇದು,” ಅಂದ ಕಳಕಪ್ಪ, ಹೊಸ್ತಿಲ ಮೇಲೆ ಇನ್ನೂ ಒಂಟಿಕಾಲಲ್ಲೇ ನಿಂತು. ಅವನಪ್ಪ ಅವನನ್ನು ತಿನ್ನುವ ಹಾಗೆ ನೋಡಿದ.

ನಾನು ಅದನ್ನು ಕಣ್ತುಂಬ ನೋಡಿದೆ. ಅವ್ವ ಕಾದಳು. “ನೋಡಿದೇನು?” ಅಂದಳು. ಹೂಂ ಅಂದೆ.

ಆಗ ಅವ್ವ ಹೊರಗೆ ಬಂದು ನೇಗಿಲ ಕುಳದ ಹತ್ತಿರ ಇದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡಳು. ಢಣ್. ಢಣ್. ಢಣ್. ಇಡೀ ಊರಿಗೆ ಕೇಳುವ ಹಾಗೆ ಬಡಿದಳು.

“ಸಾಲಿ ಬಿಡ್ತು,” ಅಂದಳು. “ಈಗ ಮೈಲಿಗಿ ಐತಿ. ನೀವ ಹೇಳೀರಿ.”

ಸಲಾಕೆ ಕೆಳಗೆ ಹಾಕಿ ಕೊಟ್ರಬಸಪ್ಪನ ಮುಂದೆ ನಿಂತಳು. ಅವನ ಹಿಂದೆ ಗೋಡೆ. ಅಂಗೈ ಪೂರ್ತಿ ಅಗಲಿಸಿ ಅವನ ಗಲ್ಲದ ಮೇಲೆ ಇಟ್ಟಳು. ಹೊಡೆಯಲಿಲ್ಲ. ಇಟ್ಟಳು.

“ಕೊಟ್ರಬಸಪ್ಪ, ನಿನ್ನ ಮದಲ ಮುಟ್ಟಿದಾಕಿ ನಮ್ಮವ್ವ ಪಕ್ಕೀರವ್ವ. ನಿಮ್ಮವ್ವಗಿಂತ ಮದಲ ಮುಟ್ಟಿದ್ಲು. ನಿನ್ನ ಹೊಕ್ಕಳ ಬಳ್ಳಿ ಕೊಯ್ದಾಕಿ ಅಕಿ. ಆ ಮೈಲಿಗಿ ಇನ್ನಾ ನಿನ್ನ ಮೈಮ್ಯಾಲ ಐತಿ. ಎರಡೂ ಕೂಡೇ ತೊಳಕೋ. ಹೋಗು, ನಿನಗ ಸೂಟಿ.”

ಮಾಸ್ತರನ ಹೆಗಲು ಮುಟ್ಟಿದಳು. “ನಿನಗೂ ಸೂಟಿ.” ಹಿರಿಯರಿಬ್ಬರ ರುಮಾಲು ಮುಟ್ಟಿದಳು. “ಸೂಟಿ. ಸೂಟಿ.” ಬಾಗಿಲು ಮುಟ್ಟಿದಳು, ಕಂಬ ಮುಟ್ಟಿದಳು, ಕಟ್ಟೆಯ ಮೇಲಿನ ನೀರಿನ ತಂಬಿಗೆ ಮುಟ್ಟಿದಳು. ಕಾಗದ ತೊಳೆದ ಅದೇ ತಂಬಿಗೆ.

“ಅಯ್ಯೋ ಯವ್ವಾ, ಬಾವ್ಯಾಗ ನೀರಿಲ್ಲೇ!” ಅಂತ ಕಳಕಮ್ಮಜ್ಜಿ ಕಾಲು ಚಾಚಿ ಕೂತುಬಿಟ್ಟಳು. “ಇಷ್ಟು ದೊಡ್ಡ ದೊಡ್ಡವರು ಮೈಲಿಗಿ ಆದ್ರ ಯಾರು ಸೇದಬೇಕೇ!”

“ನನಗ? ದುರಗವ್ವಾ, ನನಗ?” ಕಳಕಪ್ಪ ತಲೆ ಮುಂದೆ ಚಾಚಿದ.

“ನಿನಗಿಲ್ಲ,” ಅಂದಳು ಅವ್ವ. ಅವತ್ತು ಮೊದಲ ಸಲ ಅವನಿಗೆ ಏಕವಚನ. “ನೀ ಹಾಜರ್ ಇರು.”

ಮೆಟ್ಟಿಲು ಇಳಿದೆವು. ಮನೆಗೆ ಹೋಗಿ ಅವ್ವ ಒಂದು ಗಂಟು ಕಟ್ಟಿದಳು. ಕಟ್ಟಲು ಅಂಥದ್ದೇನೂ ಇರಲಿಲ್ಲ. ಮೇಲುಗಡೆ ಆ ಕಾಗದ ಇಟ್ಟಳು. ಗಜೇಂದ್ರಗಡದ ದಾರಿಗೆ ಹೋಗಬೇಕಾದರೆ ಸಾಲಿಯ ಮುಂದೆಯೇ ಹಾಯಬೇಕು. ಹಾದೆವು. ಮೆಹಬೂಬಸಾಬ ಎದ್ದು ನಿಂತ.

“ಎಲ್ಲಿಗಿ ದುರಗವ್ವಾ?”

“ಗದಗಿಗೆ.”

“ಆದೆಪ್ಪ ಬಾ ಅಂದಾನೇನು?”

“ತೊಳಕೊಂಡು ಹೋದ ಸಾಲಿನಾಗ ಅದ ಇತ್ತು,” ಅಂದಳು ಅವ್ವ. “ಮತ್ತೇನಿರ್ತೈತಿ?”

ಊರ ಅಗಸೆ ಬಾಗಿಲು ದಾಟುವಾಗ ಹಿಂದಿನಿಂದ ಮಾಸ್ತರನ ಕೂಗು ಕೇಳಿತು. ಮೈಲಿಗೆಯಾದವನು, ದಾರಿಗಿಳಿಯುವಂತಿಲ್ಲ. ಕಟ್ಟೆಯ ಅಂಚಿನಿಂದಲೇ ಅರಚುತ್ತಿದ್ದ. “ದುರಗೀ! ಹುಡುಗ್ರು ಎಲ್ಲಾ ಓಡಿ ಹೋದ್ವು! ದುರಗೀ! ದುರಗಮ್ಮಾ! ಎಲ್ಲಾ ಗೈರ್!”

ಅವ್ವ ನಡಿಗೆ ನಿಧಾನ ಮಾಡಲಿಲ್ಲ.

“ಅ ಹೆಂಗೈತಿ?” ಅಂತ ಕೇಳಿದಳು.

“ಕಳಕಮ್ಮಜ್ಜಿ ಕಾಲು ಚಾಚಿ ಕುಂತಂಗ ಐತಿ.”

ಅವ್ವ ನಕ್ಕಳು. ತಲೆಯ ಮೇಲಿನ ಗಂಟು ಅಲುಗುವ ಹಾಗೆ ನಕ್ಕಳು. ಆ ಸಾಲಿಯ ಹಾಜರಿಯಲ್ಲಿ ನಮ್ಮ ಹೆಸರನ್ನು ಯಾರೂ ಎಂದೂ ಕೂಗಿರಲಿಲ್ಲ. ಅವತ್ತು ಕೂಗಿದರು. ನಾವು ಓಗೊಡಲಿಲ್ಲ.